ಎಡ ಭುಜದ ನೋವು

ನಮ್ಮ ನರ್ಸಿಂಗ್ ಹೋಮಿನ ಕ್ಯಾಶುವಾಲ್ಟಿ ಮೇಜಿನ ಮೇಲೆ ಒಂದು ರಬ್ಬರ್ ಸ್ಟಾಂಪ್ ಇತ್ತು. ‘ಬಿದ್ದು ಆದ ಗಾಯ’ ಎಂಬುದನ್ನು ಇಂಗ್ಲಿಷಿನಲ್ಲಿ ಕೆತ್ತಿಸಿದ್ದು. ಭಾಂಡುಪ್‌ನ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಹನ್ನೆರಡು ಹಾಸಿಗೆಯ ಆಸ್ಪತ್ರೆ ಅದು. ಗೇಟಿನಲ್ಲಿ ಸರಪಳಿ ಏಟು ತಿಂದವನು, ಗಂಡ ಇಸ್ತ್ರಿಪೆಟ್ಟಿಗೆ ಎಸೆದು ಹಣೆ ಒಡೆದವಳು, ಅಣ್ಣತಮ್ಮಂದಿರ ಜಗಳದಲ್ಲಿ ಬೆರಳು ಕಳೆದುಕೊಂಡವನು, ಎಲ್ಲರೂ ನಮ್ಮಲ್ಲಿ ಬಿದ್ದವರೇ. ಹೊಡೆತ ಎಂದು ಬರೆದರೆ ಪೊಲೀಸರಿಗೆ ತಿಳಿಸಬೇಕು, ಆಮೇಲೆ ಕೋರ್ಟಿಗೆ ಅಲೆಯಬೇಕು. ಆದ್ದರಿಂದ ಕರೆತಂದವರು ‘ಬಿದ್ದ’ ಎನ್ನುತ್ತಿದ್ದರು, ನಾವು ಸ್ಟಾಂಪ್ ಒತ್ತುತ್ತಿದ್ದೆವು. ಒತ್ತಿ ಒತ್ತಿ ರಬ್ಬರು ಸವೆದಾಗ ಹೊಸದನ್ನು ಮಾಡಿಸಿ ತಂದವಳೂ ನಾನೇ.

ತೊಂಬತ್ತೊಂದರ ಜುಲೈಯಲ್ಲಿ ಚೆನ್ನಯ ಎಂಬ ಲೇತ್ ಕೆಲಸಗಾರನನ್ನು ನಾಲ್ಕು ಮಂದಿ ಹೊತ್ತು ತಂದರು. ಕಾರ್ಖಾನೆಯಲ್ಲಿ ಲಾಕೌಟ್ ನಡೆಯುತ್ತಿತ್ತು. ಸೈಕಲ್ಲಿನಿಂದ ಬಿದ್ದ ಎಂದರು. ಹಣೆ ಒಡೆದಿತ್ತು, ಮೊಣಕಾಲು ತರಚಿತ್ತು. ಬೆನ್ನಿನ ಎಡಭಾಗದಲ್ಲಿ ಅಡ್ಡಲಾಗಿ ಒಂದು ಕೆಂಪು ಪಟ್ಟೆ, ಒಂದಿಂಚು ಅಗಲ. ಅದು ಕಬ್ಬಿಣದ ಪೈಪಿನ ಅಗಲ. ನಾನು ನೋಡಿದೆ, ಸ್ಟಾಂಪ್ ಒತ್ತಿದೆ. ಡಾಕ್ಟರು ಹಣೆಗೆ ಐದು ಹೊಲಿಗೆ ಹಾಕಿ ಹೋದರು. ಸ್ವಲ್ಪ ಹೊತ್ತಿಗೆ ಅವನು ಎಡ ಭುಜ ನೋಯುತ್ತದೆ ಎಂದ. ಭುಜದ ಮೇಲೆ ಒಂದು ಗೀರೂ ಇರಲಿಲ್ಲ. ನೋವಿನ ಮಾತ್ರೆ ಕೊಟ್ಟೆ. ಬೆಳಗ್ಗೆ ಬೆಡ್‌ಶೀಟ್ ಬದಲಾಯಿಸಲು ಹೋದ ಆಯಾ ಬಸಲಿಂಗವ್ವ ಓಡಿ ಬಂದಳು. “ಸಿಸ್ಟರ, ಮೂರನೇ ಕಾಟಿನ ಮನಷ್ಯಾ ಥಣ್ಣಗಾಗ್ಯಾನ್ರಿ.”

ಗುಲ್ಮ ಹರಿದಿತ್ತು. ಎಡಪಕ್ಕೆಲುಬಿನ ಹಿಂದೆ ಅಡಗಿರುವ, ಮುಷ್ಟಿಯಷ್ಟು ದೊಡ್ಡ, ರಕ್ತ ತುಂಬಿದ ಅಂಗ. ಅದು ಹರಿದರೆ ರಕ್ತ ಹೊಟ್ಟೆಯೊಳಗೇ ಸೋರಿ, ಎದೆಗೂ ಹೊಟ್ಟೆಗೂ ನಡುವಿನ ತೆರೆಯಾದ ವಪೆಯ ಕೆಳಗೆ ಸೇರುತ್ತದೆ. ವಪೆಯ ನರವೂ ಭುಜದ ನರವೂ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುವುದರಿಂದ ಮಿದುಳಿಗೆ ನೋವಿನ ಜಾಗ ಸರಿಯಾಗಿ ತಿಳಿಯುವುದಿಲ್ಲ. ಹೊಟ್ಟೆಯೊಳಗಿನ ರಕ್ತವನ್ನು ಅದು ಭುಜದ ನೋವೆಂದು ಓದುತ್ತದೆ. ಪೋಸ್ಟ್‌ಮಾರ್ಟಮ್ ವರದಿ ಬಂದ ದಿನ ಡಾಕ್ಟರ್ ಸತ್ಯಮೂರ್ತಿ ಕೈತೊಳೆಯುತ್ತಾ, “ನಿಜ ಹೇಳಿದ್ದಿದ್ರೆ ಹೊಟ್ಟೆ ನೋಡ್ತಿದ್ನಲ್ಲಮ್ಮಾ. ಸುಳ್ಳು ಹೇಳಿಕೊಂಡು ಸತ್ತ,” ಎಂದರು. ಪಟ್ಟೆಯನ್ನು ನಾನು ನೋಡಿದ್ದು ಅವರಿಗೆ ಗೊತ್ತಿರಲಿಲ್ಲ.

ಆ ವರ್ಷ ನಾನು ಅಂಚೆಯ ಮೂಲಕ ನರ್ಸಿಂಗ್ ಪದವಿ ಓದುತ್ತಿದ್ದೆ. ಮಂಗಳೂರಿನಲ್ಲಿ ಮೂರು ವರ್ಷ ಕಲಿತ ಡಿಪ್ಲೊಮಾ ಇತ್ತು. ಪದವಿಯಾದರೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಗುತ್ತಿತ್ತು. ಹಗಲು ಡ್ಯೂಟಿ, ಭಾನುವಾರ ರಜೆ, ಕ್ವಾರ್ಟರ್ಸ್. ನನ್ನ ಮಕ್ಕಳು ಮನೆಯಲ್ಲಿ ಇಬ್ಬರೇ ಇರುವುದು ತಪ್ಪುತ್ತಿತ್ತು. ಶಾಮಲಾಗೆ ಒಂಬತ್ತು, ಪಂಕಜಾಗೆ ಮೂರು. ನನ್ನ ಗಂಡ ರಮಾನಾಥ ಮಾಟುಂಗದ ಹೋಟೆಲಿನಲ್ಲಿ ಸೂಪರ್‌ವೈಸರ್. ಬೆಳಗಿನ ಮೊದಲ ಲೋಕಲ್ಲಿಗೆ ಹೋದರೆ ಮಕ್ಕಳು ಮಲಗಿದ ಮೇಲೆ ಬರುವವರು. ನನಗೆ ಡ್ಯೂಟಿ ಇದ್ದಾಗ ಶಾಮಲಾಳೇ ತಂಗಿಗೆ ಅನ್ನ ಕಲಸಿ ತಿನ್ನಿಸಬೇಕು, ತೊಳೆಸಬೇಕು, ಮಲಗಿಸಬೇಕು. ನಮ್ಮ ಚಾಳಿನಲ್ಲಿ ಹಗಲು ಯಾರೂ ಬಾಗಿಲು ಹಾಕುವುದಿಲ್ಲ. ನಮ್ಮದೊಂದೇ ಒಳಗಿನಿಂದ ಚಿಲಕ ಹಾಕಿರುತ್ತಿತ್ತು.

ಮಕ್ಕಳ ಮೇಲೆ ಕೈ ಎತ್ತುವುದಿಲ್ಲ ಎಂದು ನಾನು ಮದುವೆಗೆ ಮೊದಲೇ ನಿಶ್ಚಯಿಸಿದ್ದೆ. ಕಾಪುವಿನ ನಮ್ಮ ಮನೆಯಲ್ಲಿ ಅಪ್ಪ ಒಣಗಿಸಿದ ತೊರಕೆ ಮೀನಿನ ಚಾಟಿಯಂಥ ಬಾಲವನ್ನು ಜಂತಿಗೆ ಸಿಕ್ಕಿಸಿಟ್ಟಿದ್ದರು. ಅದರ ಏಟು ಬಿದ್ದ ಕಡೆ ಚರ್ಮ ಹರಿಯುವುದಿಲ್ಲ, ಸುಲಿದು ಬರುತ್ತದೆ. ನನ್ನ ತೊಡೆಯ ಹಿಂದೆ ಇನ್ನೂ ಆ ಗುರುತುಗಳಿವೆ. ರಮಾನಾಥರೂ ವರ್ಷಕ್ಕೆ ಒಂದೆರಡು ಸಲ ನನಗೆ ಕೈ ಮಾಡಿದ್ದುಂಟು, ಮಕ್ಕಳಿಗೆ ಮಾಡಿದ್ದಿಲ್ಲ. ಹೊಡೆತ ನನ್ನವರೆಗೆ ಬಂದು ನಿಂತಿದೆ ಎಂದೇ ನಾನು ನಂಬಿದ್ದೆ.

ಪರೀಕ್ಷೆಗೆ ಕೂರಬೇಕಾದರೆ ಒಂದು ಕೇಸ್ ಸ್ಟಡಿ ಕಳಿಸಬೇಕಿತ್ತು. ನಾನು ಚೆನ್ನಯನನ್ನು ಬರೆದೆ. ರಿಜಿಸ್ಟರಿನಲ್ಲಿ ಇಲ್ಲದ್ದನ್ನೆಲ್ಲ ಬರೆದೆ: ಪಟ್ಟೆಯ ಅಗಲ, ಭುಜದ ನೋವು ಶುರುವಾದ ಹೊತ್ತು, ನಾನು ಕೊಟ್ಟ ಮಾತ್ರೆ, ನಾನು ಎಣಿಸದೆ ಬಿಟ್ಟ ನಾಡಿ. ಇಪ್ಪತ್ತೆರಡು ಪುಟ. ಒಲೆಯ ಮುಂದೆ, ನೀರಿನ ಸಾಲಿನಲ್ಲಿ, ಪಂಕಜಾಳನ್ನು ತೊಡೆಯ ಮೇಲೆ ಹಾಕಿಕೊಂಡು ಮೂರು ವಾರ ಬರೆದದ್ದು. ಆಗಸ್ಟಿನ ಒಂದು ಮಂಗಳವಾರ ಸಂಜೆ ಐದರೊಳಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಬೇಕಿತ್ತು. ತಪ್ಪಿದರೆ ಒಂದು ವರ್ಷ ಹೋದಂತೆ.

ಆ ಮಂಗಳವಾರ ಎರಡೂವರೆಗೆ ಡ್ಯೂಟಿ ಮುಗಿಸಿ ಬಂದೆ. ಶಾಮಲಾ ಚಿಲಕ ತೆಗೆದು, “ಗುಡ್ ಆಫ್ಟರ್‌ನೂನ್, ಅಮ್ಮ. ಕ್ಲಾಸ್ ನಡೀತಾ ಇದೆ,” ಎಂದಳು. ನನ್ನ ಹಳೆಯ ದುಪಟ್ಟಾವನ್ನು ಸೀರೆಯಂತೆ ಸುತ್ತಿಕೊಂಡಿದ್ದಳು. ಪಂಕಜಾ ನೆಲದ ಮೇಲೆ ಕೈಕಟ್ಟಿ ಕೂತಿದ್ದಳು. ಅವಳ ಮುಂದೆ ನನ್ನ ಇಪ್ಪತ್ತೆರಡು ಪುಟ. ಒಂದೊಂದು ಪುಟದ ಮೇಲೂ ಕೆಂಪು ಬಾಲ್‌ಪೆನ್ನಿನ ಗೆರೆ, ಇಂಟು ಗುರುತು, ದೊಡ್ಡ ವೃತ್ತ. ಕೊನೆಯ ಪುಟದಲ್ಲಿ ಹತ್ತಕ್ಕೆ ಮೂರು. ಕೆಳಗೆ ಅವಳ ಟೀಚರ ಮಾತು: ವೆರಿ ಪೂರ್. ಪೇರೆಂಟ್ಸ್ ಟು ಮೀಟ್ ಮಿ.

“ಎಂತ ಮಾಡಿದ್ದಿ ನೀನು?” ಎಂದೆ.

“ಕರೆಕ್ಷನ್. ಪಂಕು ಫೇಲ್.” ನಕ್ಕಳು.

ಕೆನ್ನೆಗೆ ಹೊಡೆದೆ. ಅವಳು ಇದು ಆಟದ್ದೇ ಎಂಬಂತೆ ಇನ್ನೂ ನಗುತ್ತಲೇ ಇದ್ದಳು. ಮತ್ತೆ ಹೊಡೆದೆ. “ಪಪ್ಪ ಹೇಳಿದ್ರಲ್ಲ, ನೀನು ಹ್ಯಾಗೂ ಫೇಲ್ ಆಗ್ತೀ ಅಂತ,” ಎಂದು ಅಳುತ್ತಾ ಕೂಗಿದಳು. ಎರಡೂ ರಟ್ಟೆ ಹಿಡಿದು ದೂಡಿದೆ. ತಲೆ ಗೋಡೆಗೆ ತಾಗಿ, ಜಾರಿ ಎಡಮಗ್ಗುಲಾಗಿ ಟ್ರಂಕಿನ ಪಕ್ಕ ಬಿದ್ದಳು. ಅಲ್ಲಿಗೆ ನಿಲ್ಲಬಹುದಿತ್ತು. ಬಿದ್ದವಳನ್ನು ನಾನು ಒದ್ದೆ. ಡ್ಯೂಟಿಯ ಬೂಟು ಇನ್ನೂ ಬಿಚ್ಚಿರಲಿಲ್ಲ. ಮೊದಲನೆಯದು ತೊಡೆಗೆ. ಅವಳು ಹೊರಳಿದಳು. ಎರಡನೆಯದು ಎಡ ಪಕ್ಕೆಲುಬಿನ ಕೆಳಗೆ, ಒಳಗೆ ಹೋಯಿತು. ಕಾಲಿಗೆ ಅದು ತಿಳಿಯಿತು: ಮೂಳೆ ಎದುರಾದಾಗ ಬೆರಳು ನೋಯುತ್ತದೆ, ಇಲ್ಲಿ ನೋಯಲಿಲ್ಲ.

ಅವಳ ಬಾಯಿಂದ ಸದ್ದು ಬರಲಿಲ್ಲ. ಉಸಿರು ಸಿಕ್ಕಿಕೊಂಡಿತ್ತು. ಪಂಕಜಾ ಕೈಕಟ್ಟಿಕೊಂಡೇ ಕೂತು ನನ್ನನ್ನು ನೋಡುತ್ತಿದ್ದಳು.

ಆಮೇಲೆ ನಾನು ಮಾಡಿದ್ದೆಲ್ಲ ಕ್ರಮಬದ್ಧವಾಗಿತ್ತು. ಅವಳನ್ನು ಚಾಪೆಯ ಮೇಲೆ ಮಲಗಿಸಿದೆ. ತಲೆಯ ಬುಗುಟಿಗೆ ತಣ್ಣೀರಿನ ಬಟ್ಟೆ ಇಟ್ಟೆ. ಕಣ್ಣಿನ ಪಾಪೆ ನೋಡಿದೆ, ಎರಡೂ ಸಮ. ನಾಡಿ ತೊಂಬತ್ತಾರು, ಅತ್ತ ಮಗುವಿಗೆ ಸಹಜ. ಫ್ರಾಕ್ ಎತ್ತಿ ನೋಡಿದೆ, ಚರ್ಮದ ಮೇಲೆ ಏನೂ ಇಲ್ಲ. ಮುದ್ದಿಸಿದೆ, ಕ್ಷಮೆ ಕೇಳಿದೆ, ಒಂದು ಲೋಟ ಬೂಸ್ಟ್ ಮಾಡಿ ಕುಡಿಸಿದೆ. ಆಮೇಲೆ ಹೇಳಿದೆ: “ಯಾರಾದ್ರೂ ಕೇಳಿದ್ರೆ ಮೆಟ್ಟಿಲಲ್ಲಿ ಬಿದ್ದೆ ಅಂತ ಹೇಳು. ಆಯ್ತಾ ಪುಟ್ಟಾ?”

“ಎಷ್ಟನೇ ಮೆಟ್ಟಿಲು?” ಎಂದಳು ಶಾಮಲಾ. ತರಗತಿಯಲ್ಲಿ ಅವಳು ಯಾವಾಗಲೂ ಮೊದಲನೆಯ ಸಾಲಿನವಳು.

“ಆರನೇದು.”

ಪಕ್ಕದ ಖೋಲಿಯ ಇಂದ್ರಾಬಾಯಿ ಬಾಗಿಲು ತಟ್ಟಿದರು. ಕೇಳಿಸಿರಬೇಕು. “ಕಾಯ್ ಝಾಲಂ, ಸಿಸ್ಟರ್?”

“ಮೆಟ್ಟಿಲಲ್ಲಿ ಬಿದ್ದಳು, ಬಾಯಿ.”

ಅವರು ನನ್ನ ಬೂಟು ನೋಡಿದರು. “ಮೆಟ್ಟಿಲು ಹೊರಗಿದೆ, ಸದ್ದು ಒಳಗಿನಿಂದ ಬಂತು,” ಎಂದು ಹೇಳಿ ಹೋದರು.

ನಾಲ್ಕು ಗಂಟೆಗೆ ರಮಾನಾಥ ಬಂದರು. ಮಂಗಳವಾರ ಅವರಿಗೆ ಅರ್ಧ ದಿನದ ಬಿಡುವು. ಆ ಹೊತ್ತಿಗೆ ಶಾಮಲಾ ಕುಡಿದದ್ದನ್ನೆಲ್ಲ ವಾಂತಿ ಮಾಡಿದ್ದಳು. ತುಟಿ ಬೆಳ್ಳಗಾಗಿತ್ತು. ತಲೆಗೆ ಪೆಟ್ಟಾಗಿ ವಾಂತಿ ಎಂದರೆ ಏನೆಂದು ಚಾಳಿನವರಿಗೂ ಗೊತ್ತು. ರಮಾನಾಥ ಮಗಳನ್ನು ಎತ್ತಿಕೊಂಡು ಇಳಿದು ರಿಕ್ಷಾ ಹಿಡಿದರು. ಪಂಕಜಾಳನ್ನು ಇಂದ್ರಾಬಾಯಿಯ ಕೈಗೆ ಕೊಟ್ಟು ನಾನೂ ಓಡಿದೆ.

ನಾನು ಕೆಲಸ ಮಾಡುವ ಮೇಜಿನ ಆಚೆ ಬದಿ ನಾನು ನಿಂತದ್ದು ಅದೇ ಮೊದಲು. ರಮಾನಾಥರೇ ಹೇಳಿದರು. “ಮೆಟ್ಟಿಲಿಂದ ಬಿದ್ದದ್ದು ಡಾಕ್ಟ್ರೇ. ತಲೆಗೆ ತಾಗಿದೆ. ಒಂದೇ ಸಮ ಕಾರ್ತಾ ಇದ್ದಾಳೆ.” ಅವರಿಗೆ ನಾನು ಹೇಳಿದ್ದು ಅಷ್ಟೇ. ಹೊಸದಾಗಿ ಬಂದ ನರ್ಸ್ ಸೇವಂತಿ ಕಾಗದದ ಮೇಲೆ ಸ್ಟಾಂಪ್ ಒತ್ತಿದಳು. ಡಾಕ್ಟರ್ ಸತ್ಯಮೂರ್ತಿ ಟಾರ್ಚಿನಿಂದ ಕಣ್ಣು ನೋಡಿದರು, ಕಿವಿ ನೋಡಿದರು, ಅಂಗಾಲು ಗೀರಿ ಬೆರಳು ಮಡಿಸುತ್ತಾಳೆಯೇ ನೋಡಿದರು.

“ಎಷ್ಟು ಮೆಟ್ಟಿಲಮ್ಮ, ಪುಟ್ಟೀ?”

“ಆರು, ಅಂಕಲ್.”

“ಜಾಣೆ. ಎಚ್ಚರವಾಗಿದ್ದಾಳೆ. ತಲೆಯದೊಂದು ಎಕ್ಸ್‌ರೇ ತೆಗೆಸಿ, ಇವತ್ತು ಇಲ್ಲೇ ಇರಲಿ, ಅರ್ಧ ಗಂಟೆಗೊಂದು ಸಲ ನೋಡ್ತಾ ಇರಿ. ನನಗೆ ಮುಲುಂಡಿನಲ್ಲಿ ಒಂದು ಸಿಸೇರಿಯನ್ ಇದೆ.” ಅವರು ಕಾರಿನ ಕೀ ತೆಗೆದುಕೊಂಡರು.

ಬಸಲಿಂಗವ್ವ ಮಗುವಿನ ದಿಂಬು ಸರಿಮಾಡುತ್ತಿದ್ದಳು. “ಯವ್ವಾ, ಭಾಳ ಬೆವರಾಕತ್ತಾಳ್ರಿ ಕೂಸು. ಮಲಗ್ಸಿದ್ರ ಭುಜಾ ನೋಯ್ತೈತಿ ಅಂತಾಳ, ಎದ್ದು ಕುಂತ್ರ ಆರಾಮಂತ.”

“ಯಾವ ಭುಜ?” ಎಂದೆ. ನನ್ನ ಧ್ವನಿ ನನಗೇ ದೂರದಿಂದ ಕೇಳಿಸಿತು.

“ಎಡಾದ್ದು.”

ಮಣಿಕಟ್ಟು ಹಿಡಿದೆ. ನೂರ ಮೂವತ್ತೆರಡು. ದಾರದಂತೆ ತೆಳ್ಳಗಿನ ನಾಡಿ. ಅಂಗೈ ಒದ್ದೆ, ತಣ್ಣಗೆ.

ಆಗಲೂ ನಾನು ನಿಜ ಹೇಳಲಿಲ್ಲ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸುಳ್ಳಿನೊಳಗೇ ಇದ್ದುಕೊಂಡು ಮಗುವನ್ನು ಉಳಿಸುವ ದಾರಿ ಹುಡುಕಿದೆ. ಡಾಕ್ಟರ ಹಿಂದೆ ಮೆಟ್ಟಿಲವರೆಗೂ ಹೋಗಿ, “ಸರ್, ಒಮ್ಮೆ ಹೊಟ್ಟೆ ನೋಡ್ತೀರಾ?” ಎಂದೆ.

“ಯಾಕಮ್ಮಾ? ತಲೆಗಲ್ವೇ ಪೆಟ್ಟು?”

“ಮೆಟ್ಟಿಲಿನ ಅಂಚು ತಾಗಿರಬಹುದು.”

“ಹೊಟ್ಟೆ ಮೆತ್ತಗಿದೆ, ಮುಟ್ಟಿ ನೋಡಿದೆ. ಸಿಸ್ಟರ್, ನೀವು ಈಗ ಅಮ್ಮ ಆಗಿ ಯೋಚಿಸ್ತಿದ್ದೀರಿ. ನರ್ಸ್ ಆಗಿ ಯೋಚಿಸಿ. ಬಂದು ನೋಡ್ತೀನಿ.”

ಮುಲುಂಡಿಗೆ ಹೋಗಿ ಬರಲು ಎರಡು ಗಂಟೆ. ಒಂಬತ್ತು ವರ್ಷದ ಮಗುವಿನ ಮೈಯಲ್ಲಿ ಹೆಚ್ಚೆಂದರೆ ಎರಡು ಲೀಟರ್ ರಕ್ತ. ಅದರಲ್ಲಿ ಎಷ್ಟು ಹೊಟ್ಟೆಯೊಳಗೆ ಹೋಗಿದೆ, ಇನ್ನೆಷ್ಟು ಉಳಿದಿದೆ, ನನಗೆ ಅಂದಾಜು ಬರುತ್ತಿತ್ತು. ಮಕ್ಕಳ ದೇಹ ಕೊನೆಯವರೆಗೂ ರಕ್ತದೊತ್ತಡವನ್ನು ಹಿಡಿದಿಟ್ಟು ಆಮೇಲೆ ಒಮ್ಮೆಲೇ ಕೈಬಿಡುತ್ತದೆ ಎಂದು ಅಂಚೆಯಲ್ಲಿ ಬಂದ ಆರನೆಯ ಪಾಠದಲ್ಲಿತ್ತು. ಕಾರಿನ ಬಾಗಿಲು ತೆರೆದ ಸದ್ದಾಯಿತು. ನಾನು ಕೂಗಿದೆ.

“ಒದ್ದಿದ್ದು ನಾನು! ಎಡ ಪಕ್ಕೆಗೆ. ಬೂಟಿನಿಂದ. ಮೂರು ಗಂಟೆಗೆ. ಅವಳು ಮೆಟ್ಟಿಲಿಂದ ಬೀಳಲೇ ಇಲ್ಲ ಸರ್. ಗುಲ್ಮ, ಸರ್, ಚೆನ್ನಯನ ಹಾಗೆಯೇ.”

ರಮಾನಾಥ ನನ್ನ ಹಿಂದೆಯೇ ಇದ್ದರು. ಅವರ ಕೈ ಬಂದದ್ದು ನನಗೆ ಕಾಣಲಿಲ್ಲ. ಬಾಗಿಲ ಚೌಕಟ್ಟಿಗೆ ಬಾಯಿ ಬಡಿದು ಕೆಳತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಎರಡನೆಯ ಏಟಿಗೆ ಕಿವಿಯಲ್ಲಿ ಸೀಟಿ ಊದಿದಂತಾಯಿತು. ಕೂದಲು ಹಿಡಿದು ಮೂರನೆಯದಕ್ಕೆ ಕೈ ಎತ್ತಿದಾಗ ಬಸಲಿಂಗವ್ವ ಬೆಡ್‌ಪ್ಯಾನಿನಿಂದ ಅವರ ಮೊಣಕೈಗೆ ಹೊಡೆದಳು. “ಬಿಡ್ರೀ! ಹೊಡದಾಡೂದು ಆಮ್ಯಾಲ. ಮದಲ ಕೂಸಿನ ಕಡೆ ನೋಡ್ರಿ!”

ಡಾಕ್ಟರು ಆಗಲೇ ಒಳಗೆ ಓಡಿದ್ದರು. ಶಾಮಲಾಳ ಫ್ರಾಕ್ ಎತ್ತಿ, ಅಯೋಡಿನ್ ಹಚ್ಚಿ, ಹೊಕ್ಕುಳ ಎಡಕ್ಕೆ ಸೂಜಿ ಚುಚ್ಚಿ ಸಿರಿಂಜ್ ಎಳೆದರು. ಕೆಂಪು ತುಂಬಿತು. ಅದನ್ನು ಗಾಜಿನ ನಳಿಕೆಗೆ ಹಾಕಿ ಗೋಡೆಗಡಿಯಾರ ನೋಡುತ್ತಾ ನಿಂತರು. ರಕ್ತನಾಳದಿಂದ ಎಳೆದ ರಕ್ತವಾದರೆ ಕೆಲವು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಹೊಟ್ಟೆಯೊಳಗೆ ಸೋರಿ ನಿಂತದ್ದು ಹೆಪ್ಪುಗಟ್ಟುವುದಿಲ್ಲ. ಇದು ಹೆಪ್ಪುಗಟ್ಟಲಿಲ್ಲ. ನಳಿಕೆಯನ್ನು ಓರೆ ಮಾಡಿದರೆ ನೀರಿನ ಹಾಗೆ ಹರಿಯಿತು.

“ಥಿಯೇಟರ್,” ಎಂದರು. “ರಕ್ತ ಬೇಕು.”

ಅವಳದು ಓ ಪಾಸಿಟಿವ್. ನಾನು ಮುಂದೆ ಬಂದೆ. “ನೀವು ಬೇಡ,” ಎಂದರು ಡಾಕ್ಟರು, ನನ್ನ ಬಾಯಿಯಿಂದ ಸುರಿಯುತ್ತಿದ್ದುದನ್ನು ನೋಡಿ. ರಮಾನಾಥ ಹೋಟೆಲಿಗೆ ಫೋನ್ ಮಾಡಿದರು. ತೋಳು ಮಡಿಸಲಾಗದೆ ಎಡಗೈಯಲ್ಲಿ ರಿಸೀವರ್ ಹಿಡಿದಿದ್ದರು. ಮಾಟುಂಗದಿಂದ ಆರು ಮಂದಿ ಲೋಕಲ್ ಹಿಡಿದು ಬಂದರು. ದೋಸೆ ಹೊಯ್ಯುವ ಪೂವಪ್ಪ ಬಂದದ್ದು ಬನಿಯನ್ನಿನಲ್ಲೇ, ಕೈಯಲ್ಲಿ ಹಿಟ್ಟು ಒಣಗಿತ್ತು. “ಎಂತ ಆದದ್ದು ಸಾವ್ಕಾರ್ರೇ ಪಾಪುಗೆ?” ಎಂದು ಕೇಳಿದ. ರಮಾನಾಥ ನನ್ನನ್ನು ನೋಡಿದರು. “ಮೆಟ್ಟಿಲಿಂದ ಬಿದ್ದಳು,” ಎಂದರು.

ಥಿಯೇಟರಿನೊಳಗೆ ನನ್ನನ್ನು ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಸದ್ದುಗಳನ್ನು ಕೇಳಿದೆ. ಚಾಕುವಿನ ತಟ್ಟೆ, ಸಕ್ಷನ್ ಯಂತ್ರ, ಡಾಕ್ಟರ ಬೈಗುಳ. ಸಕ್ಷನ್ ಬಾಟಲಿ ತುಂಬಿ ಎರಡನೆಯದನ್ನು ಹಾಕಿದ್ದು ಕೇಳಿಸಿತು. ಹರಿದ ಗುಲ್ಮವನ್ನು ಬಸಲಿಂಗವ್ವ ಕಿಡ್ನಿ ಟ್ರೇಯಲ್ಲಿ ಬಟ್ಟೆ ಮುಚ್ಚಿ ಹೊರಗೆ ತಂದಳು. ನಾನು ಬಟ್ಟೆ ಎತ್ತಿ ನೋಡಿದೆ. ನೇರಳೆ ಬಣ್ಣದ್ದು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸೀಳಿತ್ತು.

“ನೋಡಿದ್ರಿಲ್ಲೋ? ಸಾಕೇಳ್ರಿ,” ಎಂದು ಅವಳು ಬಟ್ಟೆ ಎಳೆದಳು.

ಶಾಮಲಾ ಬದುಕಿದಳು.

ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಡಾಕ್ಟರ್ ಸತ್ಯಮೂರ್ತಿ ನನ್ನನ್ನು ತಮ್ಮ ಕೋಣೆಗೆ ಕರೆದರು. ರಮಾನಾಥ ಆಗಲೇ ಅಲ್ಲಿದ್ದರು, ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು. ಯಾರೋ ಠಾಣೆಗೆ ಹೇಳಿದ್ದರು. ಇಂದ್ರಾಬಾಯಿ ಇರಬಹುದು, ನಾನು ವಿಚಾರಿಸಲಿಲ್ಲ. ಹವಾಲ್ದಾರ ಬರುವವನಿದ್ದ.

“ನೋಡಿ ನೀಲಾವತಿ,” ಎಂದರು ಡಾಕ್ಟರು. ಆರು ವರ್ಷದಲ್ಲಿ ನನ್ನ ಹೆಸರು ಹಿಡಿದು ಕರೆದದ್ದು ಆಗಲೇ. “ನನಗೆ ಬೇಕಾದ್ದು ನೀವು ಬೇಕಾದ ಹೊತ್ತಿಗೆ ಹೇಳಿದ್ರಿ. ಮಗು ಉಳೀತು. ಇನ್ನು ಯಾರಿಗೆ ಹೇಳಿ ಏನು ಪ್ರಯೋಜನ? ಕಾಗದದ ಮೇಲೆ ಸ್ಟಾಂಪ್ ಬಿದ್ದಿದೆ, ಅದು ಹಾಗೇ ಇರಲಿ. ಕೇಸ್ ಆದ್ರೆ ನರ್ಸಿಂಗ್ ಕೌನ್ಸಿಲ್ಲು ರಿಜಿಸ್ಟ್ರೇಷನ್ ರದ್ದು ಮಾಡತ್ತೆ. ಕೆಲಸವೂ ಇಲ್ಲ, ಓದೂ ಇಲ್ಲ.”

“ಓದಂತೆ ಓದು,” ಎಂದರು ರಮಾನಾಥ. “ಈ ಓದಿಗೇ ನನ್ನ ಮಗಳು ಸಾಯ್ತಿದ್ದಳು. ಆದ್ರೂ ಡಾಕ್ಟ್ರು ಹೇಳಿದ ಹಾಗೆ ಕೇಳು ಮಾರಾಯ್ತಿ. ನೀನು ಜೈಲಿಗೆ ಹೋದ್ರೆ ಆ ಎರಡು ಮಕ್ಕಳನ್ನು ಯಾರು ನೋಡ್ಕೊಳ್ಳುವುದು? ನಾನು ನಿಂಗೆ ಹೊಡೆದದ್ದೂ ಬರೆಸ್ಬೇಕಾಗ್ತದೆ.”

ಅದೆಲ್ಲ ಸರಿಯಾಗಿತ್ತು. ಕೇಸ್ ಸ್ಟಡಿ ಕಳಿಸುವ ದಿನ ದಾಟಿತ್ತು, ಆದರೆ ಮುಂದಿನ ವರ್ಷ ಬರೆಯಬಹುದಿತ್ತು. ಕ್ವಾರ್ಟರ್ಸ್, ಹಗಲು ಡ್ಯೂಟಿ ಎಲ್ಲವೂ ಒಂದು ವರ್ಷ ತಡವಾಗಿ ಆದರೂ ಸಿಗುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ನಾನು ತಲೆಯಾಡಿಸಿದೆ.

ಹವಾಲ್ದಾರ ಹನ್ನೊಂದಕ್ಕೆ ಬಂದ. ಹೊಟ್ಟೆ ಬಂದ, ದಣಿದ ಮನುಷ್ಯ. ಟೋಪಿಯನ್ನು ಮಂಚದ ಕಾಲಬುಡದಲ್ಲಿಟ್ಟು, ಪುಸ್ತಕ ಬಿಡಿಸಿ, ಶಾಮಲಾಳ ಹತ್ತಿರ ಬಾಗಿದ. ಅವಳ ಮೂಗಿಗೆ ನಳಿಕೆ ಹಾಕಿತ್ತು, ತೋಳಿಗೆ ಸಲೈನ್. ಹೊಟ್ಟೆಯ ಮೇಲೆ ಎದೆಯಿಂದ ಹೊಕ್ಕುಳವರೆಗೆ ಬ್ಯಾಂಡೇಜು.

“ಬೇಟಾ, ಕ್ಯಾ ಹುವಾ?”

ಶಾಮಲಾ ಮೊದಲು ನನ್ನ ಕಡೆ ನೋಡಿದಳು. ಆಮೇಲೆ ಒಣಗಿದ ತುಟಿ ಸವರಿಕೊಂಡು, “ಸೀಢೀ ಸೇ ಗಿರೀ. ಛಠೀ ಸೀಢೀ,” ಎಂದಳು. ಆರನೆಯ ಮೆಟ್ಟಿಲನ್ನೂ ಬಿಡದೆ ಹೇಳಿ ಮತ್ತೆ ನನ್ನನ್ನೇ ನೋಡಿದಳು. ಸರಿಯಾಗಿ ಹೇಳಿದೆನೆ ಎಂದು ಕೇಳುವ ನೋಟ. ಮಗ್ಗಿ ಒಪ್ಪಿಸಿದ ಮೇಲೆ ಹಾಗೆ ನೋಡುತ್ತಾಳೆ. ಸೀಳಿ ಹೊಲಿದ ಹೊಟ್ಟೆಯೊಂದಿಗೆ ಅವಳು ನನ್ನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ್ದಳು. ದೊಡ್ಡವಳಾದ ಮೇಲೂ ಯಾವುದಾದರೂ ಮೇಜಿನ ಆಚೆ ನಿಂತು, ಒಡೆದ ತುಟಿಯಲ್ಲಿ, ಇದನ್ನೇ ಒಪ್ಪಿಸುತ್ತಾಳೆ ಅನ್ನಿಸಿತು.

ಹವಾಲ್ದಾರ ಸಮಾಧಾನದಿಂದ ಬರೆಯತೊಡಗಿದ.

“ಅವಳು ಬಿದ್ದಿಲ್ಲ,” ಎಂದೆ ನಾನು. ಹಿಂದಿಯಲ್ಲಿ ಮತ್ತೆ ಹೇಳಿದೆ. “ನಾನು ಒದ್ದೆ. ಎರಡು ಸಲ. ಒಂದು ತೊಡೆಗೆ, ಒಂದು ಇಲ್ಲಿ.”

ರಮಾನಾಥ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಡಾಕ್ಟರು ಕೋಣೆಯಿಂದ ಹೊರಟುಹೋದರು.

“ಬಾಯಿ, ಹುಡುಗಿಯೇ ಬಿದ್ದೆ ಅನ್ನುತ್ತಾಳಲ್ಲ,” ಎಂದ ಹವಾಲ್ದಾರ ಮರಾಠಿಯಲ್ಲಿ, ನನಗೆ ಬುದ್ಧಿ ಹೇಳುವವನಂತೆ.

ಶಾಮಲಾ ಏಳಲು ನೋಡಿದಳು. ಹೊಲಿಗೆ ಜಗ್ಗಿ ಮುಖ ಕಿವುಚಿತು. “ನಾ ಹೇಳಿದ್ನಲ್ಲಾ ಅಮ್ಮ! ಕರೆಕ್ಟಾಗೇ ಹೇಳಿದ್ನಲ್ಲಾ!” ಎಂದು ಕಿರಿಚಿದಳು. ಆಮೇಲೆ ಹವಾಲ್ದಾರನ ತೋಳು ಹಿಡಿದು, “ಅಂಕಲ್, ಮಮ್ಮೀ ಝೂಟ್ ಬೋಲ್ತೀ ಹೈ,” ಎಂದಳು.

ಅವನ ಪೆನ್ನು ನಿಂತಿತು. ಅವಳ ಭುಜ ಹಿಡಿದು ಮಲಗಿಸಲು ನಾನು ಕೈ ಚಾಚಿದೆ. ಅವಳು ಸಲೈನ್ ಚುಚ್ಚಿದ ತೋಳನ್ನೇ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಸಲೈನಿನ ನಳಿಕೆಯಲ್ಲಿ ರಕ್ತ ಹಿಮ್ಮುಖವಾಗಿ ಏರಿತು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಬಸಲಿಂಗವ್ವ ಬಂದು ಅವಳನ್ನು ಮಲಗಿಸಿ ತೋಳು ನೇರ ಮಾಡಿದಳು.

“ಬರೆದುಕೊಳ್ಳಿ,” ಎಂದೆ ಹವಾಲ್ದಾರನಿಗೆ. “ಹೆಸರು ನೀಲಾವತಿ. ವಯಸ್ಸು ಮೂವತ್ತೊಂದು. ಕೆಲಸ, ನರ್ಸ್.”